ಬಾಸೆಲ್‌ನಲ್ಲಿ ಬೆಟಗೇರಿಯ ನಲವತ್ತು ಬೆಳಗು

ಇಲ್ಲಿ ಬೆಳಿಗ್ಗೆ ಆರು ಗಂಟೆ ಆದಾಗ ಗದಗಿನ ಹತ್ತಿರದ ನಮ್ಮೂರು ಬೆಟಗೇರಿಯಲ್ಲಿ ಹತ್ತೂವರೆ. ಅವ್ವ ಅಷ್ಟೊತ್ತಿಗೆ ರೊಟ್ಟಿ ಬಡಿದು, ಕಸ ಮುಸುರಿ ಮುಗಿಸಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಾಳೆ. ತೊಡೆಯ ಮೇಲೆ ಸತ್ಯವೇದ ಅಂದರೆ ಕನ್ನಡ ಬೈಬಲ್ಲು, ಎದುರಿಗೆ ನೀರಿನ ತಂಬಿಗೆಗೆ ಆನಿಸಿ ನಿಲ್ಲಿಸಿದ ಫೋನು. ಇಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ನಮ್ಮ ಅಡುಗೆಮನೆಯಲ್ಲಿ ನಾನು, ಗಂಡ, ನಿದ್ದೆಗಣ್ಣಿನ ಒಂಬತ್ತು ವರ್ಷದ ಮಗ. ಕಿಟಕಿಯಾಚೆ ಮಾರ್ಚ್ ತಿಂಗಳ ಕತ್ತಲು. 2025ರ ಲೆಂತ್ ಕಾಲವನ್ನು, ಅಂದರೆ ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ಉಪವಾಸ ಪ್ರಾರ್ಥನೆಯ ಕಾಲವನ್ನು, ನಾವು ಕಳೆದದ್ದು ಹೀಗೆ.

ಇಲ್ಲಿಗೆ ಬಂದು ಆರು ವರ್ಷ. ಈಸ್ಟರ್ ಹಬ್ಬವನ್ನು ಪ್ರತಿವರ್ಷ ಮಾಡಿದ್ದೇವೆ, ಮೊಟ್ಟೆಗೆ ಬಣ್ಣ ಹಚ್ಚಿದ್ದೇವೆ, ಚರ್ಚಿಗೆ ಹೋಗಿಬಂದಿದ್ದೇವೆ. ಆದರೂ ಪ್ರತಿ ವರ್ಷವೂ ಹಬ್ಬ ಥಟ್ಟನೆ ಬಂದು ಥಟ್ಟನೆ ಹೋದಂತೆ ಅನಿಸುತ್ತಿತ್ತು. ಊರಲ್ಲಿ ಹಾಗಿರಲಿಲ್ಲ. ಅಲ್ಲಿ ಹಬ್ಬ ನಲವತ್ತು ದಿನ ಮೊದಲೇ ಮನೆಯೊಳಗೆ ಕಾಲಿಡುತ್ತಿತ್ತು. ಅಪ್ಪ ಸಂಜೆ ಮಗ್ಗದಿಂದ ಎದ್ದು ಕೈಕಾಲು ತೊಳೆದು ಬಂದು ಕೂತರೆ ಮನೆ ಪ್ರಾರ್ಥನೆ ಶುರು. ಒಂದು ಸಂಗೀತ (ಚರ್ಚಿನ ಹಾಡಿಗೆ ನಾವು ಹಾಗನ್ನುತ್ತೇವೆ), ಒಂದು ಅಧ್ಯಾಯ, ಆಮೇಲೆ ಒಬ್ಬೊಬ್ಬರದೂ ಪ್ರಾರ್ಥನೆ. ಅವ್ವ ಆ ನಲವತ್ತು ದಿನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ, ಶುಕ್ರವಾರ ಒಪ್ಪತ್ತು ಇರುತ್ತಿದ್ದಳು, ಹಿಟ್ಟು ಬೀಸಲು ಕೊಡುವಾಗೆಲ್ಲ ಒಂದು ಹಿಡಿ ಜೋಳ ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಈಸ್ಟರ್‌ಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದ ಹೊತ್ತಿಗೆ ಆ ಡಬ್ಬಿ ತುಂಬಿ ಚರ್ಚಿಗೆ ಹೋಗುತ್ತಿತ್ತು.

ಅಪ್ಪ ತೀರಿಕೊಂಡು ನಾಲ್ಕು ವರ್ಷ. ಅವ್ವ ಈಗ ಒಬ್ಬಳೇ. ಫೆಬ್ರುವರಿಯಲ್ಲಿ ಒಂದು ದಿನ ಫೋನಿನಲ್ಲಿ, "ಒಬ್ಬಾಕಿನ ಸಂಗೀತ ಹಾಡಿದ್ರ ಮನಿ ಇನ್ನಷ್ಟು ಖಾಲಿ ಅನಸ್ತೈತಿ ನೋಡವ್ವಾ" ಅಂದಳು. ಅವತ್ತೇ ನಿರ್ಧಾರವಾಯಿತು.

ಬಾಸೆಲ್ ಅಂದರೆ ನಮ್ಮಂಥವರಿಗೆ ಬರೀ ಒಂದು ಊರಲ್ಲ. 1815ರಲ್ಲಿ ಇಲ್ಲಿ ಹುಟ್ಟಿದ ಬಾಸೆಲ್ ಮಿಷನ್ನು ಅನ್ನುವ ಕ್ರೈಸ್ತ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ. ಆ ಮಿಷನ್ ಹೌಸು ಈಗಲೂ ಇದೆ, ಮಿಸ್ಸಿಯೋನ್ಸ್‌ಸ್ಟ್ರಾಸೆ 21ನೇ ನಂಬರು. ನಾಡಿನ ಹಳೇ ಫೋಟೋಗಳು, ಕಾಗದಪತ್ರಗಳು ಅದರ ದಫ್ತರಿನಲ್ಲಿವೆ. ಟ್ರಾಮಿನಲ್ಲಿ ಆ ಕಡೆ ಹೋಗುವಾಗೆಲ್ಲ ನನಗೆ ಊರಿನ ಚರ್ಚಿನ ಗಂಟೆ ಕೇಳಿದ ಹಾಗಾಗುತ್ತದೆ. ಆದರೆ ಒಂದು ಮಾತು ಹೇಳಬೇಕು. ಲೆಂತ್ ಕಾಲದ ಉಪವಾಸ ನಮಗೆ ಇಲ್ಲಿಂದ ಬಂದದ್ದಲ್ಲ ಅಂತಲೇ ನನ್ನ ನಂಬಿಕೆ. ಸ್ವಿಸ್ ಧರ್ಮಸುಧಾರಣೆ ಶುರುವಾದದ್ದೇ ಲೆಂತ್ ಕಾಲದಲ್ಲಿ ಸಾಸೇಜ್ ತಿಂದದ್ದರಿಂದ. 1522ರಲ್ಲಿ ಝೂರಿಕ್‌ನ ಮುದ್ರಕ ಫ್ರೋಶಾವರ್ ಮನೆಯಲ್ಲಿ ಉಪವಾಸ ಮುರಿದರು, ತಾನು ತಿನ್ನದಿದ್ದರೂ ಅಲ್ಲಿನ ಪಾದ್ರಿ ಜ್ವಿಂಗ್ಲಿ ಅವರ ಪರವಾಗಿ ಉಪದೇಶ ಮಾಡಿದ. ಅದಕ್ಕೇ ಇಲ್ಲಿನ ರಿಫಾರ್ಮ್ಡ್ ಸಭೆಗಳಲ್ಲಿ ಉಪವಾಸದ ಕಟ್ಟಳೆ ಇಲ್ಲ. ಬೆಟಗೇರಿಯ ಹೆಣ್ಣುಮಕ್ಕಳು ಮಾತ್ರ ಒಪ್ಪತ್ತು ಬಿಡಲಿಲ್ಲ. ಸೋಮವಾರ, ಶಿವರಾತ್ರಿ ಅಂತ ಓಣಿ ತುಂಬ ಉಪವಾಸ ಇರುವ ಊರಿನಲ್ಲಿ ಬೆಳೆದವರಿಗೆ ದೇವರ ಮುಂದೆ ಹಸಿದು ಕೂರುವುದು ಯಾರೂ ಕಲಿಸಬೇಕಾದ ವಿದ್ಯೆ ಆಗಿರಲಿಲ್ಲ. ಅವರು ಕೊಟ್ಟ ಸುವಾರ್ತೆಗೆ ನಮ್ಮ ನೆಲದ ಹಸಿವು ಸೇರಿತು ಅಂತ ನಾನು ಅಂದುಕೊಳ್ಳುತ್ತೇನೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಮಾರ್ಚ್ 5, ಬೂದಿ ಬುಧವಾರ. ಮೊದಲ ದಿನಕ್ಕೆ 51ನೇ ಕೀರ್ತನೆ ಅಂತ ಮಾತಾಗಿತ್ತು. ನಾನು ಜರ್ಮನ್ ಬೈಬಲ್ಲಿನಲ್ಲಿ ಗುರುತು ಹಾಕಿಕೊಂಡಿದ್ದ 12ನೇ ವಚನವನ್ನು ಅವ್ವನಿಗೆ ಓದಲು ಹೇಳಿದೆ. ಶುದ್ಧ ಹೃದಯವನ್ನು ಬೇಡುವ ವಚನ ಬರುತ್ತದೆ ಅಂತ ಕಾದು ಕೂತರೆ ಅವ್ವ ಓದಿದ್ದು ಬೇರೆಯೇ. ರಕ್ಷಣೆಯ ಆನಂದವನ್ನು ತಿರುಗಿ ಕೊಡು ಅನ್ನುವ ವಚನ. "ಅದಲ್ಲವ್ವಾ, ಹನ್ನೆರಡನೇದು" ಅಂದೆ. "ಹನ್ನೆರಡನೇದ ಓದೀನಲ್ಲ!" ಇಬ್ಬರೂ ಬೆರಳಿಟ್ಟು ನೋಡಿದೆವು. ಇಬ್ಬರದೂ ಸರಿ. ಜರ್ಮನ್ ಬೈಬಲ್ಲುಗಳು ಹೀಬ್ರೂ ಮೂಲದ ಹಾಗೆ ಕೀರ್ತನೆಯ ತಲೆಬರಹಕ್ಕೂ ವಚನದ ನಂಬರು ಕೊಡುತ್ತವೆ. ನಮ್ಮ ಸತ್ಯವೇದ ಕೊಡುವುದಿಲ್ಲ. 51ಕ್ಕೆ ನಾತಾನನು ದಾವೀದನ ಬಳಿಗೆ ಬಂದ ಸಂದರ್ಭವನ್ನು ಹೇಳುವ ಉದ್ದನೆಯ ತಲೆಬರಹ ಇದೆ, ಅದಕ್ಕೇ ಎರಡು ನಂಬರು ಹೋಗುತ್ತವೆ. ನನ್ನ 12 ಅವ್ವನ 10.

ಅವತ್ತಿನಿಂದ ಒಂದು ರೂಢಿ ಬೆಳೆಯಿತು. ಕೀರ್ತನೆ ಬಂದ ದಿನ ಎರಡೂ ವಚನ ಓದುವುದು, ನಾನು ಹುಡುಕಿದ್ದು ಒಂದು, ಅವ್ವನಿಗೆ ಸಿಕ್ಕಿದ್ದು ಒಂದು. ಮಗನಿಗೆ ಇದೇ ದೊಡ್ಡ ಆಕರ್ಷಣೆ. ಕೆಲವು ಕೀರ್ತನೆಗೆ ಒಂದು ಕಳೆಯಬೇಕು, ಕೆಲವಕ್ಕೆ ಎರಡು, ಕೆಲವಕ್ಕೆ ಏನೂ ಇಲ್ಲ. ಒಂದು ಹಾಳೆಯಲ್ಲಿ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ. 23ನೇ ಕೀರ್ತನೆಗೆ ಅವನು ಬರೆದದ್ದು ಸೊನ್ನೆ. ಕುರುಬನ ಕೀರ್ತನೆಯಲ್ಲಿ ಎರಡೂ ಊರು ಒಂದೇ ಕಡೆ ನಿಲ್ಲುತ್ತವೆ.

ದಿನದ ವಚನವನ್ನು ನಾವು ಆರಿಸುತ್ತಿರಲಿಲ್ಲ. ಚರ್ಚಿನಲ್ಲಿ ಪರಿಚಯವಾದ ಒಬ್ಬ ಹಿರಿಯ ಹೆಣ್ಣುಮಗಳು ಡಿಸೆಂಬರಿನಲ್ಲಿ ಕೊಟ್ಟ ಒಂದು ಪುಟ್ಟ ಪುಸ್ತಕವಿತ್ತು, ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ ಸಭೆಯವರು 1731ರಿಂದ ವರ್ಷವರ್ಷವೂ ಅಚ್ಚು ಹಾಕುವ ದಿನವಚನದ ಪುಸ್ತಕ. ಹಳೆಯ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನ ಜೊತೆ ಸೇರಿಸುತ್ತಾರೆ. ಚೀಟಿ ಎತ್ತುವ ಸಂಗತಿ ಅವ್ವನಿಗೆ ಬಹಳ ಹಿಡಿಸಿತು. "ಹಂಗಾರ ನಮಗ ಬೇಕಾದ್ದು ಅಲ್ಲ, ನಮಗ ಬಂದದ್ದು" ಅಂದಳು.

ಮೊದಲ ವಾರದಲ್ಲೇ ಒಂದು ಪೇಚು ಬಂತು. ಬಾಸೆಲ್‌ನ ಕಾರ್ನಿವಲ್, ಇಲ್ಲಿನವರು ಫಾಸ್ನಾಖ್ಟ್ ಅನ್ನುತ್ತಾರೆ, ಬೇರೆ ಹೆಚ್ಚಿನ ಊರುಗಳಲ್ಲಿ ಬೂದಿ ಬುಧವಾರಕ್ಕೆ ಮುಗಿದುಹೋಗುವ ಹಬ್ಬ ಇಲ್ಲಿ ಅದರ ನಂತರದ ಸೋಮವಾರ ಶುರುವಾಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ. ಮಗನ ತರಗತಿಯ ಗೆಳೆಯರೆಲ್ಲ ಹೋಗುತ್ತಿದ್ದರು. ಅವ್ವನಿಗೆ ಹೇಳಿದಾಗ ಅವಳ ಮುಖ ಸಣ್ಣಗಾಯಿತು. "ಲೆಂತಿನ್ಯಾಗ ಕುಣಿಯೂದೇನು?" ಅಂದಳು. ನಾನು ಇಲ್ಲಿಯವರು ಕೊಡುವ ವಿವರಣೆ ಹೇಳಿದೆ. ಮೊದಲು ಭಾನುವಾರಗಳನ್ನೂ ಸೇರಿಸಿಯೇ ನಲವತ್ತು ಎಣಿಸುತ್ತಿದ್ದರಂತೆ. 1091ರಲ್ಲಿ ಬೆನೆವೆಂಟೊದ ಸಭಾಕೂಟ ಆರು ಭಾನುವಾರ ಬಿಟ್ಟು ಎಣಿಸಬೇಕೆಂದಾಗ ಆರಂಭ ಬುಧವಾರಕ್ಕೆ ಹಿಂದೆ ಸರಿಯಿತು, ಬಾಸೆಲ್ ಹಳೇ ಲೆಕ್ಕದಲ್ಲೇ ಉಳಿಯಿತು. ಅವ್ವ ಬೆರಳು ಮಡಚಿ ಎಣಿಸಿದಳು. ನಲವತ್ತಾರು, ಆರು ರವಿವಾರ ತೆಗೆದರೆ ನಲವತ್ತು. "ಲೆಕ್ಕ ಬರೋಬ್ಬರಿ ಐತಿ. ತಮ್ಮನ್ನ ಕರಕೊಂಡು ಹೋಗು, ಆದ್ರ ಆರಕ್ಕ ಮನ್ಯಾಗಿರ್ರಿ."

ಹೋದೆವು. ನಾಲ್ಕು ಹೊಡೆದ ಕೂಡಲೇ ಹಳೇ ಪಟ್ಟಣದ ಅಷ್ಟೂ ಬೀದಿದೀಪ ಆರಿದವು. ಆ ಕತ್ತಲಲ್ಲಿ ಸಾವಿರಾರು ಜನರ ಉಸಿರು ಮಾತ್ರ. ಆಮೇಲೆ ಒಮ್ಮೆಲೇ ಡೋಲು, ಅದರ ಮೇಲೆ ಪಿಕೊಲೊ ಕೊಳಲಿನ ಚೂಪು ದನಿ. ಮನೆಯೆತ್ತರದ ಬಣ್ಣದ ಲಾಂದ್ರಗಳು ಓಣಿಯ ತಿರುವಿನಿಂದ ತೇಲಿ ಬಂದವು, ಬಾರಿಸುವವರ ತಲೆಯ ಮೇಲೂ ಸಣ್ಣ ಸಣ್ಣ ಲಾಂದ್ರ. ನಗು ಇಲ್ಲ, ಕೂಗಾಟ ಇಲ್ಲ, ಗಂಭೀರವಾದ ನಡಿಗೆ. ಮಗ ನನ್ನ ಕೈ ಬಿಗಿಯಾಗಿ ಹಿಡಿದಿದ್ದ. ಒಂದು ಬಟ್ಟಲು ಹುರಿದ ಹಿಟ್ಟಿನ ಸೂಪು ಕುಡಿದು, ಟ್ರಾಮು ಹತ್ತಿ, ಆರಕ್ಕೆ ಐದು ನಿಮಿಷ ಇರುವಾಗ ಅಡುಗೆಮನೆಯಲ್ಲಿ ಇದ್ದೆವು. ಅವನ ಕೂದಲಿನಲ್ಲಿ ಇನ್ನೂ ಹೊರಗಿನ ಚಳಿ ಇತ್ತು. ಅವತ್ತು ಪ್ರಾರ್ಥನೆ ಅವನೇ ಮಾಡಿದ. ದೀಪ ಆರಿದಾಗ ತನಗೆ ಹೆದರಿಕೆ ಆಗಲಿಲ್ಲ ಅಂತ ದೇವರಿಗೆ ಸ್ತೋತ್ರ ಹೇಳಿದ.

ನಡುವಿನ ವಾರಗಳು ಹೇಳಿಕೊಳ್ಳುವಂಥವಲ್ಲ. ಕೆಲವು ದಿನ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಕೆಲವು ದಿನ ನನ್ನ ಮನಸ್ಸು ಆಫೀಸಿನ ಕೆಲಸದಲ್ಲಿರುತ್ತಿತ್ತು, ಬಾಯಿ ಮಾತ್ರ ಆಮೆನ್ ಅನ್ನುತ್ತಿತ್ತು. ಒಂದು ಭಾನುವಾರ ಚರ್ಚಿನಲ್ಲಿ ಸೂಪಿನ ದಿನ ಇತ್ತು. ಎಲ್ಲರೂ ಸೂಪು ಮಾತ್ರ ಉಂಡು ಊಟದ ದುಡ್ಡನ್ನು ಬಡವರಿಗೆ ಕಳಿಸುವ ದಿನ. ಊರಿಂದ ತಂದ ಹಿಟ್ಟಿನಲ್ಲಿ ಜೋಳದ ಅಂಬಲಿ ಕಾಯಿಸಿ ಒಯ್ದೆ. ಅವ್ವನ ಹಿಡಿ ಜೋಳದ ಡಬ್ಬಿ ಬಹಳ ನೆನಪಾಯಿತು.

ಮಾರ್ಚ್ 30ಕ್ಕೆ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅವ್ವನಿಗೆ ಹೇಳಲು ಮರೆತಿದ್ದೆ. ಮರುದಿನ ಸೋಮವಾರ ನನ್ನ ಆರಕ್ಕೆ ಅಲ್ಲಿ ಇನ್ನೂ ಒಂಬತ್ತೂವರೆ. ಅವ್ವ ಫೋನ್ ಎತ್ತಿದಾಗ ಹಿಂದೆ ಕೊಡಪಾನದ ಸಪ್ಪಳ. "ನಳಾ ಬಂದೈತಿ, ಎಷ್ಟೋ ದಿನಕ್ಕ ಬಂದೈತಿ, ಬಿಟ್ಟು ಬರಾಕ ಆಗೂದಿಲ್ಲ" ಅಂದಳು. ನಾನು ಆಮೇಲೆ ಮಾಡೋಣ ಅಂದರೆ ಕೇಳಲಿಲ್ಲ. ಫೋನನ್ನು ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಇಟ್ಟಳು. ಅವತ್ತಿನ ವಚನ ಕೈಬಿಟ್ಟು ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯದ ಕಥೆಯನ್ನು ಬಾಯಿಂದಲೇ ಹೇಳತೊಡಗಿದಳು, ಬಾವಿಗೆ ಬಂದ ಸಮಾರ್ಯದ ಹೆಂಗಸು, ಕುಡಿಯಲು ನೀರು ಕೇಳಿದ ಕರ್ತನು. ಮಾತಿನ ನಡುವೆ ಕೊಡ ತುಂಬುವ ದನಿ ದಪ್ಪಗಿದ್ದದ್ದು ತೆಳ್ಳಗಾಗುತ್ತಿತ್ತು, ಅವಳು ಮಾತು ನಿಲ್ಲಿಸಿ ಕೊಡ ಬದಲಾಯಿಸುತ್ತಿದ್ದಳು, ಮತ್ತೆ ಶುರು. ಕ್ರಿಸ್ತನ ಬಾಧೆಗೆ ನಮ್ಮ ಕಡೆ ಶ್ರಮೆ ಅನ್ನುತ್ತೇವೆ. ಇಲ್ಲಿಯ ಜರ್ಮನ್ ಮಾತಿಗೆ ಆ ಅರ್ಥ ಇಲ್ಲ, ಅದರಲ್ಲಿ ನೋವಿದೆ, ದುಡಿತ ಇಲ್ಲ. ಕೊಡ ಎತ್ತುವಾಗ ಅವ್ವನ ಬಾಯಿಂದ ಹೊರಟ ಸಣ್ಣ ಉಸಿರನ್ನು ಕೇಳುತ್ತ ಆ ಪದವನ್ನು ನಾನು ಇಷ್ಟು ವರ್ಷ ಕೇಳಿಯೂ ಕೇಳಿಸಿಕೊಂಡಿರಲಿಲ್ಲ ಅನಿಸಿತು.

ಏಪ್ರಿಲ್ 18, ಶುಭ ಶುಕ್ರವಾರ. ಊರಿನಲ್ಲಿ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ. ನಮಗೆ ಎಂಟೂವರೆಗೆ ಶುರು. ತಂಗಿಯ ಮಗಳು ಚರ್ಚಿನ ಕಿಟಕಿಯ ಮೇಲೆ ಫೋನು ಇಟ್ಟಿದ್ದಳು. ಬಿಳಿ ಸೀರೆಗಳ ಸಾಲು, ಫ್ಯಾನಿನ ಸದ್ದು, ಪಾದ್ರಿ ಅಯ್ಯನವರ ದನಿ ದೂರದಿಂದ. ನಾಲ್ಕನೆಯ ಮಾತು ಬಂದಾಗ, ಏಲೀ ಏಲೀ ಅಂತ ಅಯ್ಯನವರು ಓದಿ, ಇದು 22ನೇ ಕೀರ್ತನೆಯ ಮೊದಲನೇ ವಚನ ಅಂದರು. ಮಗ ನನ್ನ ಕಿವಿಯಲ್ಲಿ, "ಇಲ್ಲಿ ಎರಡನೇದು" ಅಂದ. ಹತ್ತು ಗಂಟೆಗೆ ನಾವು ಇಲ್ಲಿನ ಚರ್ಚಿಗೆ ಹೋದಾಗ ಅದೇ ಮಾತನ್ನು ಜರ್ಮನ್‌ನಲ್ಲಿ ಓದಿದರು. ಅವನು ತಿರುಗಿ ನನ್ನ ಮುಖ ನೋಡಿದ.

ಶನಿವಾರ ಇಡೀ ದಿನ ಅಡುಗೆಮನೆ. ಶ್ರೀಲಂಕಾದ ತಮಿಳರ ಅಂಗಡಿಯಿಂದ ಕಡಲೆಬೇಳೆ, ಬೆಲ್ಲ ತಂದು ಹೂರಣ ರುಬ್ಬಿದೆ. ಕಟ್ಟು ಬಸಿದು ಸಾರಿಗೆ ಇಟ್ಟೆ. ಮಗ ಮತ್ತು ಅವನ ಅಪ್ಪ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸಿ ಕೆಂಗಂದು ಬಣ್ಣ ತಂದರು.

ಈಸ್ಟರ್ ದಿನ ಬೆಟಗೇರಿಯಲ್ಲಿ ನಸುಕಿನ ಐದಕ್ಕೆ ಎಲ್ಲರೂ ಸಮಾಧಿಗಳ ಹತ್ತಿರ ಸೇರುತ್ತಾರೆ. ಹಿಂದಿನ ವಾರವೇ ಸುಣ್ಣ ಬಳಿದಿರುತ್ತಾರೆ. ಮೇಣದಬತ್ತಿ, ಹೂವು, ಸಂಗೀತ, ಕರ್ತನು ಎದ್ದಿದ್ದಾನೆ ಅನ್ನುವ ವಾಕ್ಯ. ಬಾಸೆಲ್‌ನಲ್ಲಿ ಆಗ ರಾತ್ರಿ ಒಂದೂವರೆ. ಮೂವರೂ ಎದ್ದು ಮೇಜಿನ ಮೇಲೆ ಒಂದು ಬತ್ತಿ ಹಚ್ಚಿ ಕೂತೆವು. ಫೋನಿನಲ್ಲಿ ಮೊದಲು ಬರೀ ಕಪ್ಪು, ಆಮೇಲೆ ಒಂದೊಂದೇ ದೀಪ. ಅವ್ವ ಏದುಸಿರು ಬಿಡುತ್ತ ಅಪ್ಪನ ಸಮಾಧಿಯವರೆಗೆ ನಡೆದಳು. ಸೇವಂತಿಗೆ ಇಟ್ಟಳು. ಫೋನನ್ನು ಕಲ್ಲಿನ ಮೇಲೆ ಅಪ್ಪನ ಹೆಸರಿನ ಪಕ್ಕ ನಿಲ್ಲಿಸಿ, "ಮಾತಾಡ್ರಿ" ಅಂದಳು. ನಮಗೆ ಮಾತು ಹೊರಡಲಿಲ್ಲ. ಮಗ 23ನೇ ಕೀರ್ತನೆ ಶುರುಮಾಡಿದ, ಕನ್ನಡದಲ್ಲಿ, ಅಲ್ಲಲ್ಲಿ ತಡವರಿಸುತ್ತ. ನಲವತ್ತು ದಿನದಲ್ಲಿ ಅವನಿಗೆ ಅದು ಬಾಯಿಗೆ ಬಂದಿತ್ತು, ನಾವ್ಯಾರೂ ಕಲಿಸಿರಲಿಲ್ಲ. ಆ ಕಡೆ ಕೋಳಿ ಕೂಗಿತು. ಅವ್ವ ಅವನ ಜೊತೆ ದನಿಗೂಡಿಸಿದಳು.

ಎರಡು ತಾಸು ಮಲಗಿ ಎದ್ದು ಇಲ್ಲಿನ ಚರ್ಚಿನ ಬೆಳಗಿನ ಆರಾಧನೆಗೆ ಹೋದೆವು. ಅಂಗಳದಲ್ಲಿ ಬೆಂಕಿ ಹಾಕಿದ್ದರು, ಅದರಿಂದ ಬತ್ತಿ ಹಚ್ಚಿಕೊಂಡು ಕತ್ತಲಿನ ಚರ್ಚಿನೊಳಗೆ ನಡೆದೆವು. ಆಮೇಲೆ ಉದ್ದನೆಯ ಮೇಜಿನ ಮೇಲೆ ನಾಷ್ಟಾ, ಮೊಟ್ಟೆಗೆ ಮೊಟ್ಟೆ ಕುಟ್ಟುವ ಆಟ. ನಾನು ಹೋಳಿಗೆಯ ಡಬ್ಬಿ ತೆರೆದೆ. ದಿನವಚನದ ಪುಸ್ತಕ ಕೊಟ್ಟ ಹಿರಿಯರು ಒಂದು ತಿಂದು, ಒಳಗೆ ಏನಿದೆ ಅಂತ ಕೇಳಿ, ಇನ್ನೊಂದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡರು, ಮನೆಯಲ್ಲಿ ಗಂಡನಿಗೆ ಹುಷಾರಿಲ್ಲವಂತೆ.

ಹತ್ತಕ್ಕೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಒಂದೂವರೆ, ತಾಟಿನ ಮುಂದೆ ಕೂತಿದ್ದಳು. ಚಹಾಕ್ಕೆ ಸಕ್ಕರೆ ಹಾಕಿಕೊಂಡಳಂತೆ, ಬಹಳ ಸಿಹಿ ಅನಿಸಿತಂತೆ.

"ಕಣಕ ಮೆತ್ತಗ ಬಂತೇನು?"

"ಅಂಚು ಹರೀತವ್ವಾ, ಹೂರಣ ಹೊರಗ ಬಂತು."

"ಅಲ್ಲಿ ಹಿಟ್ಟ ಬ್ಯಾರೆ. ಮುಂದಿನ ವರ್ಷ ಎಣ್ಣಿ ಒಂದೀಟು ಜಾಸ್ತಿ ಹಾಕಿ ನಾದು, ಎರಡು ತಾಸು ನೆನೀಲಿ" ಅಂದಳು ಅವ್ವ.