ಲೆನಾಕ್ಸ್ ಅವೆನ್ಯೂದಲ್ಲಿ ಎರಡು ಬಾಗಿಲು

ಕೆಡವಿ ಹಾಕಿದ ಕಟ್ಟಡವನ್ನು ನೋಡಲು ಹೋಗುವವರನ್ನು ಹುಚ್ಚರೆನ್ನುತ್ತಾರೆ. ನ್ಯೂಯಾರ್ಕಿನಲ್ಲಿ ಮಗಳ ಮನೆಯಲ್ಲಿದ್ದಾಗ ನಾನು ಆ ಹುಚ್ಚಿಗೆ ಅವಳನ್ನೂ ಎಳೆದುಕೊಂಡು ಕಪ್ಪು ಜನರ ಹೆಸರಾಂತ ಕೇರಿ ಹಾರ್ಲೆಮ್‌ಗೆ, ಹಳೆಯ ಜಾಜ್ ಸಂಗೀತದ ತಾಣಗಳನ್ನು ಹುಡುಕಿ ಹೋದೆ. ಹತ್ತಿರದ ನಿಲ್ದಾಣ ಬೇರೆಯೇ ಇತ್ತು. ಆದರೂ ಹಟ ಹಿಡಿದು ‘ಎ’ ರೈಲು ಹತ್ತಿದೆ. ಬಿಲ್ಲಿ ಸ್ಟ್ರೇಹಾರ್ನ್ ಅದರ ಮೇಲೆ ರಚಿಸಿದ ಕೃತಿಯೇ ಡ್ಯೂಕ್ ಎಲಿಂಗ್ಟನ್ ಜಾಜ್ ವಾದ್ಯವೃಂದದ ಗುರುತಾಗಿತ್ತಲ್ಲ! 145ನೇ ಬೀದಿಯಲ್ಲಿ ಇಳಿದು ಬಿಸಿಲಲ್ಲಿ ಪೂರ್ವಕ್ಕೆ ನಡೆದೆವು. ಮಗಳ ಗೊಣಗಾಟ ನ್ಯಾಯವಾದದ್ದೇ.

ಲೆನಾಕ್ಸ್ ಅವೆನ್ಯೂ ತಲುಪಿ ದಕ್ಷಿಣಕ್ಕೆ ತಿರುಗಿದರೆ ಮೊದಲು ಸಿಗುವುದು 142ನೇ ಬೀದಿಯ ಮೂಲೆ. ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ ಇದ್ದದ್ದು ಅಲ್ಲಿ. 1927ರ ಡಿಸೆಂಬರಿನಿಂದ ಎಲಿಂಗ್ಟನ್ ನುಡಿಸಿದ್ದು, ರೇಡಿಯೊದಲ್ಲಿ ದೇಶಕ್ಕೆಲ್ಲ ಪರಿಚಿತನಾದದ್ದು ಅಲ್ಲಿಂದಲೇ. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಮೇಜುಗಳ ಮುಂದೆ ಬಿಳಿಯರು. ಹಾರ್ಲೆಮ್‌ನವರಿಗೆ ತಮ್ಮ ಕೇರಿಯಲ್ಲೇ ಬಾಗಿಲು ಮುಚ್ಚಿತ್ತು.

ಅಲ್ಲಿಂದ ಕೆಲವೇ ಹೆಜ್ಜೆ ಮುಂದೆ, 141 ಮತ್ತು 140ನೇ ಬೀದಿಗಳ ನಡುವೆ, 1926ರಲ್ಲಿ ತೆರೆದ ಕುಣಿತದ ಸಭಾಂಗಣ ಸವಾಯ್ ಬಾಲ್‌ರೂಂ ಇತ್ತು. ಇಲ್ಲಿ ಯಾರೂ ಬಣ್ಣ ಕೇಳುತ್ತಿರಲಿಲ್ಲ, ಕುಣಿತ ನೋಡುತ್ತಿದ್ದರು. ವೇದಿಕೆಗಳು ಎರಡು, ಒಂದು ತಂಡ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಎತ್ತಿಕೊಳ್ಳುತ್ತಿತ್ತು. 1958ರಲ್ಲಿ ಅದು ಮುಚ್ಚಿತು. ಈಗ ಅಲ್ಲಿರುವುದು ವಸತಿ ಕಟ್ಟಡಗಳು, ಒಂದು ಸ್ಮಾರಕ ಫಲಕ.

“ಅಪ್ಪಾ, ಇಷ್ಟಕ್ಕೇ ಬಂದೆವೇ?” ಎಂದಳು ಮಗಳು.

ಚಿಕ್ ವೆಬ್‌ನ ಕಥೆ ಹೇಳಿದೆ. ಬಾಲ್ಯದಲ್ಲೇ ಬೆನ್ನುಮೂಳೆಗೆ ಕ್ಷಯ ತಗುಲಿ ಗೂನಾಗಿ, ಕುಳ್ಳಾಗಿ ಉಳಿದವನು. ಸವಾಯ್‌ನ ಖಾಯಂ ತಂಡದ ನಾಯಕ, ಡ್ರಮ್ಮರ್. 1937ರ ಮೇ 11ರಂದು ಬೆನ್ನಿ ಗುಡ್‌ಮನ್ ತನ್ನ ತಂಡದೊಂದಿಗೆ ಇಲ್ಲಿಗೆ ವೆಬ್ ತಂಡದೊಡನೆ ನುಡಿಸುವ ಪೈಪೋಟಿಗೆ ಬಂದ. ಕುಣಿತಕ್ಕೆ ನುಡಿಸುವ ಜಾಜ್ ಆದ ಸ್ವಿಂಗ್ ಲೋಕದ ದೊರೆಯೆಂಬ ಬಿರುದು ಅವನದು, ಜೊತೆಗೆ ಜೀನ್ ಕ್ರುಪಾನಂಥ ಡ್ರಮ್ಮರ್. ಒಳಗೆ ಜಾಗವಿಲ್ಲದೆ ಸಾವಿರಾರು ಜನ ಬೀದಿಯಲ್ಲೇ ಉಳಿದರು. ಗೆದ್ದವನು ವೆಬ್, ಸೋಲನ್ನು ಕ್ರುಪಾನೇ ಒಪ್ಪಿಕೊಂಡ.

ಮರುವರ್ಷ, 1938ರ ಜನವರಿ 16ರಂದು, ಗುಡ್‌ಮನ್ ಶಾಸ್ತ್ರೀಯ ಸಂಗೀತದ ಹೆಸರಾಂತ ಸಭಾಂಗಣ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ. ಸ್ವಿಂಗ್‌ಗೆ ಮರ್ಯಾದೆ ಸಿಕ್ಕಿದ್ದು ಆವತ್ತು ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕುರ್ಚಿಯಲ್ಲಿ ಕುಳಿತವರ ಚಪ್ಪಾಳೆಗಿಂತ ಕುಣಿಯುವವರ ಕಾಲಿನ ತೀರ್ಪು ಕಠಿಣ. ಅಂದು ಕಾರ್ನೆಗಿ ಮುಗಿಸಿದ ಸಂಗೀತಗಾರರಲ್ಲೂ ಹಲವರು ನೇರವಾಗಿ ಸವಾಯ್‌ಗೆ ಧಾವಿಸಿದರು. ಅಲ್ಲಿ ಅದೇ ರಾತ್ರಿ ವೆಬ್‌ಗೂ ಇನ್ನೊಂದು ತಂಡದ ನಾಯಕ ಕೌಂಟ್ ಬೇಸಿಗೂ ಪೈಪೋಟಿ.

“ಯಾರು ಗೆದ್ದರು?” ಮಗಳು ಫಲಕ ಬಿಟ್ಟು ನನ್ನತ್ತ ತಿರುಗಿದಳು.

“ಆ ಜಗಳ ಇನ್ನೂ ಮುಗಿದಿಲ್ಲ” ಎಂದೆ.