ಕಸೂತಿ ಉಳಿಯಬೇಕಾದರೆ ಸೂಜಿ ಹೋದ ದಾರಿಯನ್ನೂ ಬರೆದಿಡಿ

ಕಸೂತಿ ಹಾಕಿದ ಸೀರೆ ಕೈಗೆ ಕೊಟ್ಟರೆ ಕೆಲಸ ಬಲ್ಲವರು ಮೊದಲು ಅದನ್ನು ತಿರುವಿ ಹಾಕಿ ನೋಡುತ್ತಾರೆ. ಮುಂಬದಿಯ ಗೋಪುರ, ತೇರು, ಅಂಬಾರಿ ಆನೆ ಎಷ್ಟೇ ಚಂದ ಇರಲಿ, ಹಿಂಬದಿಯಲ್ಲಿ ಗಂಟು ಕಂಡಿತೋ, ದಾರ ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದಿದೆಯೋ, ಮಾತು ಅಲ್ಲಿಗೆ ಮುಗಿಯಿತು. ಧಾರವಾಡ, ಹುಬ್ಬಳ್ಳಿ ಸೀಮೆಯ ಈ ಕಲೆಯನ್ನು ಉಳಿಸಬೇಕು ಅನ್ನುವವರಿಗೆ ಈಗ ಕೊರತೆಯಿಲ್ಲ. ಆದರೆ ಸಂಗ್ರಹವಾಗುತ್ತಿರುವುದು ಬಹುಮಟ್ಟಿಗೆ ಮುಂಬದಿಯ ಫೋಟೊಗಳೇ. ಅದನ್ನು ನೋಡಿ ಚಿತ್ರ ಬಿಡಿಸಬಹುದು. ಸೂಜಿ ಎಲ್ಲಿ ಹೊರಟಿತು, ಎಲ್ಲಿ ಕವಲಿಗೆ ಹೊರಳಿತು, ಯಾವ ದಾರಿಯಲ್ಲಿ ಮರಳಿತು ಎಂಬುದು ಅದರಲ್ಲಿ ಸಿಗುವುದಿಲ್ಲ.

ಹೊಲಿಗೆಗಳು ನಾಲ್ಕು: ಗಾವಂತಿ, ಮುರ್ಗಿ, ನೇಗಿ, ಮೆಂತಿ. ನೇಗಿ ಎಂದರೆ ಉದ್ದ-ಗಿಡ್ಡ ಹೊಲಿಗೆಗಳನ್ನು ಸಾಲಾಗಿ ಹಾಕುತ್ತ ಹೋಗುವುದು. ನೋಡಿದರೆ ಮಗ್ಗದಲ್ಲೇ ನೇಯ್ದಂತಿರುತ್ತದೆ, ಹಿಂದೆ ಅದೇ ನಕ್ಷೆ ತಿರುವುಮುರುವಾಗಿ ಕಾಣುತ್ತದೆ. ಇದರಲ್ಲಿ ದಾರವನ್ನು ತೀರ ಉದ್ದಕ್ಕೆ ತೇಲಿಬಿಟ್ಟರೆ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿ ಕಿತ್ತು ಬರುತ್ತದೆ. ಮೆಂತಿ ಒಂದರ ಮೇಲೊಂದು ಹಾಯುವ × ಆಕಾರದ ಹೊಲಿಗೆ, ತುಂಬಬೇಕಾದ ಜಾಗಕ್ಕೆ. ಮೇಲೆ ಬರುವ ಗೆರೆ ಪ್ರತಿ ಸಲವೂ ಒಂದೇ ದಿಕ್ಕಿಗೆ ವಾಲಬೇಕು. ಇಲ್ಲದಿದ್ದರೆ ಬೆಳಕು ಬೇರೆ ಬೇರೆ ಕಡೆ ಹೊಳೆದು ಮೈಯೆಲ್ಲ ಮಚ್ಚೆ ಬಿದ್ದಂತೆ ತೋರುತ್ತದೆ. ಇವೆರಡನ್ನು ಕಲಿಯಲು ಹೆಚ್ಚು ದಿನ ಬೇಡ. ಕಸೂತಿಯ ನಿಜವಾದ ಲೆಕ್ಕ ಇರುವುದು ಗಾವಂತಿ (ಹೋಗಿ ಮರಳಿ ತುಂಬುವ ಗೆರೆ) ಮತ್ತು ಮುರ್ಗಿಯಲ್ಲಿ (ಮೆಟ್ಟಿಲಿನಂಥ ಗೆರೆ), ಏಕೆಂದರೆ ಅವು ಎರಡೂ ಬದಿಗೆ ಒಂದೇ ಥರ ಕಾಣಬೇಕು.

ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಎಳೆ ಎಣಿಸಬೇಕು. ಆದ್ದರಿಂದ ಮೊದಲು ಬಟ್ಟೆಯ ಪರೀಕ್ಷೆ. ಒಂದು ಇಂಚಿಗೆ ಎರಡು ಗುಂಡುಪಿನ್ನು ಚುಚ್ಚಿ, ಭೂತಗನ್ನಡಿ ಹಿಡಿದು ಹಾಸಿನ (ಉದ್ದದ) ಎಳೆ ಎಷ್ಟು, ಹೊಕ್ಕಿನ (ಅಡ್ಡದ) ಎಳೆ ಎಷ್ಟು ಎಂದು ಎಣಿಸಿ. ಉದಾಹರಣೆಗೆ ಗೋಪುರ ನಿಲ್ಲುವ ದಿಕ್ಕಿನಲ್ಲಿ ಇಂಚಿಗೆ 56 ಎಳೆ, ಅಡ್ಡಕ್ಕೆ 64 ಎಳೆ ಸಿಕ್ಕಿತು ಅನ್ನಿ. ಹೊಲಿಗೆಗೆ 4 ಎಳೆಯಂತೆ 40 ಹೊಲಿಗೆ ಎತ್ತರ, 40 ಹೊಲಿಗೆ ಅಗಲದ ನಕ್ಷೆ ಹಾಕಿದರೆ ಅಗಲ ಎರಡೂವರೆ ಇಂಚು ಬರುತ್ತದೆ, ಎತ್ತರ 2.86 ಇಂಚಿಗೆ ಹೋಗುತ್ತದೆ. ಗೋಪುರ ಸ್ವಲ್ಪ ಉದ್ದವಾದರೆ ಯಾರೂ ಕೇಳುವುದಿಲ್ಲ. ಆನೆ ಮಾತ್ರ ಒಂಟೆಯಂತಾಗುತ್ತದೆ. ಆಗ ನಕ್ಷೆಯ ಎತ್ತರದಲ್ಲೇ ಐದು ಸಾಲು ಕಡಿಮೆ ಮಾಡಿಕೊಳ್ಳಬೇಕು, ಅಥವಾ ಆ ಬಟ್ಟೆಗೆ ಚಕ್ಕೆ, ಚುಕ್ಕಿಯಂಥ ಸಣ್ಣ ನಕ್ಷೆಗಳಷ್ಟೇ ಸಾಕು ಅಂದುಕೊಳ್ಳಬೇಕು.

ಕಪ್ಪು ಚಂದ್ರಕಾಳಿ ಸೀರೆಯಲ್ಲಿ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಸೀರೆ ಇಟ್ಟರೆ ಎಳೆಗಳ ಸಂದಿಯಲ್ಲಿ ಬಿಳಿ ಇಣುಕುತ್ತದೆ, ಅರ್ಧ ಕಷ್ಟ ಕಡಿಮೆ. ಸೆರಗಿನ ನಡುವನ್ನು ಮಡಿಸಿ ಗುರುತಿಸಿಕೊಂಡು, ಪ್ರತಿ 40 ಎಳೆಗೊಂದರಂತೆ ಬೇರೆ ಬಣ್ಣದ ಕಚ್ಚಾ ಹೊಲಿಗೆ ಹಾಕಿಟ್ಟುಕೊಂಡರೆ ತಪ್ಪು ಎಲ್ಲಿ ಆಯಿತೆಂದು ಕೂಡಲೇ ತಿಳಿಯುತ್ತದೆ. ಇಳಕಲ್ ಸೀರೆಗೆ ಕಸೂತಿಯ ರಿಂಗ್ (ಬಟ್ಟೆ ಬಿಗಿಯುವ ಬಳೆ) ಹಾಕುವುದನ್ನು ನಾವು ಒಪ್ಪುವುದಿಲ್ಲ. ಎಳೆ ಸರಿದು ಎಣಿಕೆ ಸೊಟ್ಟಗಾಗುತ್ತದೆ. ಎಡಗೈ ತೋರುಬೆರಳಿನ ಮೇಲೆ ಬಟ್ಟೆ ಬಿಗಿ ಹಿಡಿದರೆ ಸಾಕು.

ಈಗ ದಾರಿಯ ಮಾತು. ಗಾವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಟ್ಟೆಯ ಮೇಲೆ, ಒಂದು ಹೊಲಿಗೆ ಬಟ್ಟೆಯ ಕೆಳಗೆ ಎಂದು ಹೋಗುತ್ತದೆ, ಮರಳುವಾಗ ಬಿಟ್ಟ ಸಂದಿಗಳನ್ನು ತುಂಬುತ್ತದೆ. ನೇರ ಗೆರೆಗೆ ಇಷ್ಟೇ. ಕವಲು ಬಂದಾಗ ಏನು ಮಾಡಬೇಕು? ಆರು ಹೊಲಿಗೆಯ ಒಂದು ಗೆರೆ, ಮೂರನೆಯದು ಮುಗಿದ ಜಾಗದಿಂದ ಎರಡು ಹೊಲಿಗೆಯ ಕವಲು ಇದೆ ಎಂದುಕೊಳ್ಳಿ. ಒಂದು ಮೇಲೆ, ಎರಡು ಕೆಳಗೆ, ಮೂರು ಮೇಲೆ. ಈಗ ಕವಲಿಗೆ ಹೊರಳಿ: ಮೊದಲನೆಯದು ಕೆಳಗೆ, ಎರಡನೆಯದು ಮೇಲೆ. ತುದಿಯಿಂದ ಅದೇ ದಾರಿಯಲ್ಲಿ ವಾಪಸ್: ಎರಡನೆಯದು ಕೆಳಗೆ, ಮೊದಲನೆಯದು ಮೇಲೆ. ಕವಲು ಎರಡೂ ಬದಿ ಪೂರ್ಣವಾಯಿತು, ಸೂಜಿ ಹೊರಟ ಬಿಂದುವಿಗೇ ಬಂತು, ಮುಂದಿನದು ಕೆಳಗೆ ಹೋಗಬೇಕಿತ್ತು, ಹಾಗೇ ಹೋಗುತ್ತದೆ. ನಾಲ್ಕು ಕೆಳಗೆ, ಐದು ಮೇಲೆ, ಆರು ಕೆಳಗೆ; ಆಮೇಲೆ ಆರರಿಂದ ಒಂದಕ್ಕೆ ಮರಳಿ. ಕವಲು ಎಷ್ಟೇ ಉದ್ದವಿರಲಿ, ಕವಲಿಗೆ ಮರಿಗವಲು ಇರಲಿ, ಹೋದ ದಾರಿಯಲ್ಲೇ ಬಂದರೆ ಮೇಲೆ-ಕೆಳಗಿನ ಸರದಿ ಕೆಡುವುದಿಲ್ಲ. ಹೋಗುವಾಗ ಕವಲು ಮರೆತರೆ ಬರುವಾಗ ಹಾಕಬಹುದು. ಎರಡೂ ಸಲ ಮರೆತರೆ ಬೇರೆ ದಾರ ಹಚ್ಚದೆ ಗತಿಯಿಲ್ಲ.

ಕಲಿಯುವವರು ಎಡವುವುದು ಮುಚ್ಚಿದ ಆಕಾರಗಳಲ್ಲಿ. ನಾಲ್ಕು ಹೊಲಿಗೆಯ ಚೌಕವನ್ನು ಒಂದು ಸುತ್ತು ಬಂದು, ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಟರೆ ಮೇಲೆ ಇದ್ದ ಹೊಲಿಗೆಯ ಮೇಲೇ ಮತ್ತೆ ಹೊಲಿಗೆ ಬೀಳುತ್ತದೆ, ಸಂದಿ ಹಾಗೇ ಉಳಿಯುತ್ತದೆ. ಹೊಲಿಗೆಗಳ ಸಂಖ್ಯೆ ಸಮವಾಗಿದ್ದರೆ ಸುತ್ತು ಮುಗಿದ ಮೇಲೆ ದಿಕ್ಕು ತಿರುಗಿಸಿ ವಾಪಸ್ ಬರಲೇಬೇಕು. ಅಡ್ಡ, ನೆಟ್ಟ ಹೊಲಿಗೆಗಳಿಂದಲೇ ಆದ ಯಾವ ಮುಚ್ಚಿದ ಆಕಾರದಲ್ಲೂ ಸಂಖ್ಯೆ ಸಮವೇ. ಓರೆ ಹೊಲಿಗೆ ಸೇರಿದಾಗ, ಉದಾಹರಣೆಗೆ ಗೋಪುರದ ತುದಿಯ ಮೂರು ಹೊಲಿಗೆಯ ತ್ರಿಕೋನದಲ್ಲಿ, ಸಂಖ್ಯೆ ಬೆಸ ಆಗಬಹುದು. ಅಲ್ಲಿ ಅದೇ ದಿಕ್ಕಿನ ಎರಡನೇ ಸುತ್ತು ಸರಿಯಾಗಿ ಸಂದಿ ತುಂಬುತ್ತದೆ. ಮುರ್ಗಿಗೆ ಲೆಕ್ಕ ಇದೇ, ನಡಿಗೆ ಮಾತ್ರ ಮೆಟ್ಟಿಲಿನದು. ಹೋಗುವಾಗ ಅಡ್ಡ ಹೊಲಿಗೆಗಳೆಲ್ಲ ಮೇಲೆ, ನೆಟ್ಟವು ಕೆಳಗೆ. ಬರುವಾಗ ಅದಲು ಬದಲು.

ಮರಳುವಾಗ ಇನ್ನೊಂದು ಎಚ್ಚರ. ಮೊದಲ ಹೊಲಿಗೆಯ ದಾರವನ್ನು ಸೂಜಿ ಸೀಳಬಾರದು. ಒಂದೇ ತೂತಿನಲ್ಲಿ ಹಳೆಯ ದಾರದ ಒಂದು ಮಗ್ಗುಲಿನಿಂದ ಮೇಲೆ ಬಂದು, ಇನ್ನೊಂದು ಮಗ್ಗುಲಲ್ಲಿ ಕೆಳಗಿಳಿಯಬೇಕು, ಕೊನೆಯವರೆಗೂ ಅದೇ ಕ್ರಮ. ಇದು ತಪ್ಪಿದರೆ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ.

ದಾರ 45 ಸೆಂ.ಮೀ. ಮೀರದಿರಲಿ, ಉದ್ದವಾದಷ್ಟೂ ಬಟ್ಟೆಗೆ ಉಜ್ಜಿ ನಯ ಕಳೆದುಕೊಳ್ಳುತ್ತದೆ. ನಕ್ಷೆಯ ಗೆರೆ ಎರಡೂ ಬದಿ ಒಂದೊಂದು ಸಲ ಮುಚ್ಚುವುದರಿಂದ ಗೆರೆಯ ಉದ್ದದ ಎರಡರಷ್ಟು ದಾರ ಬೇಕು. ಆರಂಭ ಮತ್ತು ಕೊನೆಯ ಬಾಲಗಳನ್ನು ಕಳೆದರೆ ಒಂದು ದಾರಕ್ಕೆ 15–16 ಸೆಂ.ಮೀ. ಗೆರೆ. ಗಂಟು ಹಾಕದೆ ಎರಡು-ಮೂರು ಇಂಚು ಬಾಲ ಬಿಟ್ಟು ಶುರು ಮಾಡಿ, ಕೊನೆಗೆ ಆ ಬಾಲವನ್ನು ತುಂಬಿದ ಹೊಲಿಗೆಗಳ ಅಡಿಯಲ್ಲಿ ಸುತ್ತಿಸಿ ಕತ್ತರಿಸಿ. ಆರು ಎಳೆಯ ಲಡಿ ಆದರೆ ಇಳಕಲ್‌ಗೆ ಒಂದೇ ಎಳೆ, ದಪ್ಪ ಎಳೆಯ ಮ್ಯಾಟಿ ಬಟ್ಟೆಗೆ ಎರಡು.

ಎಳೆ ಎಣಿಸಲಾಗದ ರೇಷ್ಮೆ, ಕ್ರೇಪ್ ಮೇಲೆ ಕ್ಯಾನ್ವಾಸ್ ಜಾಲಿ ಇಟ್ಟು ಹೊಲಿದು, ಆಮೇಲೆ ಜಾಲಿಯ ಎಳೆಗಳನ್ನು ಕೀಳುತ್ತಾರೆ. ಸೂಜಿ ಜಾಲಿಯ ತೂತಿನಲ್ಲೇ ಇಳಿಯಬೇಕು. ಜಾಲಿಯ ಎಳೆಗೇ ಚುಚ್ಚಿದರೆ ಅದು ಸಿಕ್ಕಿಹಾಕಿಕೊಂಡು, ಎಳೆದಾಗ ಹೊಲಿಗೆಯನ್ನೂ ಎತ್ತುತ್ತದೆ. ಜಾಲಿಯ ದಪ್ಪ ಹೋದ ಮೇಲೆ ಹೊಲಿಗೆ ಸ್ವಲ್ಪ ಸಡಿಲಾಗುವುದರಿಂದ ಹೊಲಿಯುವಾಗ ಒಂದು ಚೂರು ಬಿಗಿ ಜಾಸ್ತಿ ಇರಲಿ. ಒದ್ದೆ ಬಟ್ಟೆಯಿಂದ ಒರೆಸಿ ಜಾಲಿಯ ಗಂಜಿ ಮೆತ್ತಗಾದ ಮೇಲೆ, ಒಂದು ದಿಕ್ಕಿನ ಎಳೆಗಳನ್ನೆಲ್ಲ ಒಂದೊಂದಾಗಿ ಮುಗಿಸಿ, ಆಮೇಲೆ ಇನ್ನೊಂದು ದಿಕ್ಕು.

ಹಳೆಯ ಸೀರೆಯೊಂದರಿಂದ ನಕ್ಷೆ ದಾಖಲಿಸುವಾಗ ಗ್ರಾಫ್ ಹಾಳೆಯ ಒಂದು ಮನೆಗೆ ಒಂದು ಹೊಲಿಗೆ ಎಂದು ಹಿಡಿಯಿರಿ, ಒಂದು ಎಳೆ ಎಂದಲ್ಲ. ಹೊಲಿಗೆಗೆ ಎಷ್ಟು ಎಳೆ ಎಂಬುದನ್ನು ಪಕ್ಕದಲ್ಲಿ ಬರೆದರೆ ನಕ್ಷೆ ಬೇರೆ ಬಟ್ಟೆಗೂ ಒದಗುತ್ತದೆ. ಹೊರಟ ಬಿಂದು, ಕವಲುಗಳ ಸರದಿ, ದಿಕ್ಕಿನ ಬಾಣ ಹಾಕಿ. ದಾರದ ಬಾಲ ಸುತ್ತಿಸಿದ ಜಾಗಗಳು ಹಿಂಬದಿಯಲ್ಲಿ ಸ್ವಲ್ಪ ಉಬ್ಬಿರುತ್ತವೆ. ಆರಂಭ, ಅಂತ್ಯದ ಗುರುತು ಅಲ್ಲೇ ಸಿಗುವುದು. ಅಳತೆಪಟ್ಟಿ ಇಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ. ನಕ್ಷೆ ಸೀರೆಯಲ್ಲಿ ಎಲ್ಲಿತ್ತು ಎನ್ನುವುದೂ ಬೇಕು: ತೇರು, ಗೋಪುರದಂಥ ದೊಡ್ಡವು ಸೆರಗಿನ ಹತ್ತಿರ, ಅಲ್ಲಿಂದ ದೂರ ಹೋದಂತೆ ಸಣ್ಣ ಹೂ, ಚುಕ್ಕಿ. ಒಂದೇ ನಕ್ಷೆಗೆ ಊರಿಗೊಂದು ಹೆಸರಿದ್ದರೆ ತಿದ್ದಲು ಹೋಗದೆ, ಹಾಕಿದಾಕೆ ಹೇಳಿದ ಹೆಸರನ್ನೇ ಊರಿನ ಹೆಸರಿನ ಜೊತೆ ಬರೆಯಿರಿ. ದಾರಿ ಕಂಡುಹಿಡಿಯುವ ಆಸೆಗೆ ಹಳೆಯ ಹೊಲಿಗೆಯನ್ನು ಬಿಚ್ಚಲೇಬೇಡಿ.

ಕಸೂತಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಅದು ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಹಾಗಿದ್ದೂ ಪೇಟೆಯಲ್ಲಿ ಕಂಪ್ಯೂಟರ್ ಎಂಬ್ರಾಯ್ಡರಿ, ಅಚ್ಚು ಹಾಕಿದ ಬಟ್ಟೆ ಎಲ್ಲವೂ ಕಸೂತಿಯ ಹೆಸರಿನಲ್ಲೇ ಮಾರಾಟವಾಗುತ್ತವೆ. ಹಿಂಬದಿಗೆ ಬೇರೆ ದಾರ, ಅಂಟಿಸಿದ ಕಾಗದ ಕಂಡರೆ ಅದು ಯಂತ್ರದ್ದು. ಅಗ್ಗಕ್ಕೆ ಬೇಕಾದವರು ಕೊಳ್ಳಲಿ, ತಕರಾರಿಲ್ಲ. ಅದಕ್ಕೆ ಕೈಕೆಲಸದ ಬೆಲೆ ಹೇಳಿ ಮಾರುವುದು ಮೋಸ.

ಕೂಲಿಯ ಲೆಕ್ಕಕ್ಕೂ ಗ್ರಾಫ್ ಬೇಕು ಎಂಬುದು ನಮ್ಮ ವಾದ. ಸೀರೆಗಿಷ್ಟು ಎಂದು ಗುತ್ತಿಗೆ ಕೊಟ್ಟಾಗ ಗಾವಂತಿಯ ಜಾಗದಲ್ಲಿ ಬೇಗ ತುಂಬುವ ಹೊಲಿಗೆ ಬರುತ್ತದೆ, ದೊಡ್ಡ ನಕ್ಷೆಗಳು ಒಂದೊಂದೇ ಬಿಟ್ಟುಹೋಗುತ್ತವೆ. ನಕ್ಷೆಯಲ್ಲಿ 600 ಮನೆಯಷ್ಟು ಗಾವಂತಿ ಇದ್ದರೆ ಸೂಜಿ 1,200 ನಡೆ ನಡೆದಿರುತ್ತದೆ. ಹಾಕುವವರು ಒಂದು ಗಂಟೆಯಲ್ಲಿ ಎಷ್ಟು ನಡೆ ಹಾಕುತ್ತಾರೆಂದು ಅವರ ಎದುರಿಗೇ ಎಣಿಸಿ, ಆ ದರದಲ್ಲಿ ಗಂಟೆ ಕಟ್ಟಿ, ನಕ್ಷೆಯ ಹಾಳೆಯ ಮೂಲೆಯಲ್ಲಿ ಕೂಲಿಯನ್ನೂ ಬರೆದುಬಿಡಿ.