ಅಗ್ಗದ ಹಳೇ ಫಿಲ್ಮ್ ಕ್ಯಾಮೆರಾ ತಗೊಂಡು ಕಲಿಯಬಹುದಾ?

ನನ್ನ ಕೈಯಲ್ಲಿ ಫಿಲ್ಮ್ ಕ್ಯಾಮೆರಾ ಕಂಡವರು ಕೇಳುವುದು ಹೆಚ್ಚೂಕಮ್ಮಿ ಒಂದೇ ಪ್ರಶ್ನೆ. ಕಡಿಮೆ ದುಡ್ಡಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡು ಶುರು ಮಾಡಬಹುದಾ, ಇಲ್ಲಾ ಇನ್ನಷ್ಟು ದುಡ್ಡು ಕೂಡಿಸಿ ದೊಡ್ಡ ಹೆಸರಿನದ್ದೇ ತಗೋಬೇಕಾ?

ಧಾರಾಳವಾಗಿ ಅಗ್ಗದ್ದನ್ನೇ ತಗೊಳ್ಳಿ. ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರ್ ಒಳಗೇ ಇರುತ್ತದೆ, ಹಾಗಾಗಿ ಕ್ಯಾಮೆರಾ ಹಳತಾದರೆ ಅದೂ ಹಳತು. ಫಿಲ್ಮ್ ಕ್ಯಾಮೆರಾದಲ್ಲಿ ಚಿತ್ರ ಮೂಡುವುದು ರೀಲಿನ ಮೇಲೆ. ದುಬಾರಿ ಕ್ಯಾಮೆರಾಗೂ ಅಗ್ಗದ ಕ್ಯಾಮೆರಾಗೂ ನೀವು ಹಾಕುವುದು ಅದೇ ಹೊಸ ರೀಲು. ಬೆಳಕು ಸೋರದ ಡಬ್ಬಿ, ಹೇಳಿದಷ್ಟು ಹೊತ್ತು ತೆರೆದು ಮುಚ್ಚುವ ಶಟರ್, ಮುಂದೊಂದು ಚೊಕ್ಕ ಲೆನ್ಸ್ ಇದ್ದರೆ ಕಲಿಯಲು ಬೇರೇನೂ ಬೇಡ.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ. ಮೊದಲ ಕ್ಯಾಮೆರಾ ಪೂರ್ತಿ ಮೆಕ್ಯಾನಿಕಲ್ ಆಗಿರಲಿ. 1976ರಲ್ಲಿ ಬಂದ ಪೆಂಟಾಕ್ಸ್ ಕೆ1000ಕ್ಕೆ ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ತೆಗೆದಿಟ್ಟರೂ ಶಟರ್ ಕೆಲಸ ಮಾಡುತ್ತದೆ. ಅದೇ ವರ್ಷದ ಕ್ಯಾನನ್ ಎಇ-1 ಕೂಡ ಚೆನ್ನಾಗಿದೆ, ಆದರೆ ಬ್ಯಾಟರಿ ಇಲ್ಲದೆ ಅದರ ಶಟರ್ ಅಲ್ಲಾಡುವುದೇ ಇಲ್ಲ. ಎಲೆಕ್ಟ್ರಾನಿಕ್ ಭಾಗ ಕೆಟ್ಟರೆ ರಿಪೇರಿ ಕಷ್ಟ. ಕೆ1000ಕ್ಕೆ ಹೆಸರು ಜಾಸ್ತಿ, ಅದಕ್ಕೇ ಬೆಲೆಯೂ ಜಾಸ್ತಿ. ಸುಸ್ಥಿತಿಯಲ್ಲಿರುವ ಜೆನಿಟ್-ಇ ಅಥವಾ ಮಿನೋಲ್ಟಾ ಎಸ್‌ಆರ್‌ಟಿ ಸಿಕ್ಕರೂ ಕಲಿಕೆಗೆ ಏನೂ ಕೊರತೆಯಿಲ್ಲ.

ಬ್ರ್ಯಾಂಡಿಗಿಂತ ಮುಖ್ಯವಾದದ್ದು ಕೈಗೆ ಬಂದ ಕ್ಯಾಮೆರಾ ಹೇಗಿದೆ ಅನ್ನುವುದು. ಅದನ್ನು ನೋಡಲು ರೀಲು ಬೇಕಿಲ್ಲ. ಮೊದಲು ರೀಲನ್ನು ಹಿಂದಕ್ಕೆ ಸುತ್ತುವ ಎಡಗಡೆಯ ಗುಬುಟನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾಗಿ ಎಳೆದ ಹಾಗಾದರೆ ಒಳಗೆ ಯಾರದೋ ರೀಲು ಉಳಿದಿರಬಹುದು, ತೆರೆಯಬೇಡಿ. ಸಲೀಸಾಗಿ ತಿರುಗಿದರೆ ಹಿಂದಿನ ಬಾಗಿಲು ತೆರೆಯಿರಿ. ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ರಂಧ್ರ) ಪೂರ್ತಿ ಅಗಲ ಮಾಡಿ, ಕಿಟಕಿಯ ಕಡೆ ಹಿಡಿದು, ಶಟರನ್ನು ಒಂದು ಸೆಕೆಂಡಿಗೆ (ಅದಿಲ್ಲದ ಕ್ಯಾಮೆರಾದಲ್ಲಿ ಇರುವುದರಲ್ಲೇ ನಿಧಾನದ ವೇಗಕ್ಕೆ) ಇಟ್ಟು ಒತ್ತಿ. ಶಟರಿನ ಪರದೆ ಸರಿದು ದುಂಡಗಿನ ಬೆಳಕು ಕಾಣಬೇಕು, ಗಡಿಯಾರದ ಚಕ್ರ ಸುತ್ತಿದಂಥ ಸಣ್ಣ ಸದ್ದು ಕೇಳಬೇಕು, ಆಮೇಲೆ ಟಕ್ ಅಂತ ಮುಚ್ಚಬೇಕು. ಅರ್ಧಕ್ಕೇ ನಿಂತರೆ ಒಳಗಿನ ಗ್ರೀಸ್ ಒಣಗಿದೆ ಅಂತ. ವರ್ಷಗಟ್ಟಲೆ ಬಳಸದೆ ಇಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಈ ನಿಧಾನದ ವೇಗಗಳೇ. ನಂತರ ಅತಿ ವೇಗಕ್ಕೆ ಇಟ್ಟು ಒತ್ತಿ. ಮಿಂಚಿದಂತೆ ಬೆಳಕು ಬಂದು ಹೋಗುತ್ತದೆ. ಪ್ರತಿ ಸಲವೂ ಒಂದು ಪಕ್ಕ ಕತ್ತಲಾಗಿಯೇ ಉಳಿದರೆ ಪರದೆ ಎಡವುತ್ತಿದೆ. ಅಂಥದ್ದನ್ನು ಬಿಟ್ಟುಬಿಡಿ. ಸೆಲ್ಫ್ ಟೈಮರ್ ಕೆಟ್ಟಿದ್ದರೆ ಚಿಂತೆ ಇಲ್ಲ.

ಬಾಗಿಲಿನ ಅಂಚಿನ ಸಂದಿಯಲ್ಲಿ ಬೆರಳು ಆಡಿಸಿ. ಕಪ್ಪು ಅಂಟು ಮೆತ್ತಿಕೊಂಡರೆ ಬೆಳಕು ತಡೆಯುವ ಫೋಮ್ ಕರಗಿದೆ. ಇದಕ್ಕೆ ಹೆದರಬೇಕಾಗಿಲ್ಲ. ಹಳೆಯದನ್ನು ಕೆರೆದು ಹೊಸ ಪಟ್ಟಿ ಅಂಟಿಸಿದರೆ ಆಯ್ತು. ಲೆನ್ಸಿನ ಬೂಜು ಬೇರೆ ಮಾತು. ಮೊಬೈಲ್ ಟಾರ್ಚ್ ಹಾಯಿಸಿ ನೋಡಿ, ಜೇಡರ ಬಲೆಯಂಥ ಎಳೆಗಳು ಕಂಡರೆ ಬೇಡ. ನಾಲ್ಕಾರು ಧೂಳಿನ ಕಣಗಳಿಂದ ಫೋಟೋಗೆ ಏನೂ ಆಗುವುದಿಲ್ಲ.

ಮೀಟರ್ ಸತ್ತಿದೆ ಅಂತ ಒಳ್ಳೆಯ ಕ್ಯಾಮೆರಾ ಬಿಡಬೇಡಿ. ಎಷ್ಟೋ ಹಳೇ ಮಾದರಿಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಅಂತ ಮಾಡಿದವು. ಆ ಬ್ಯಾಟರಿ ಈಗ ಬರುವುದಿಲ್ಲ, 1.5 ವೋಲ್ಟಿನದು ಹಾಕಿದರೆ ಲೆಕ್ಕ ತಪ್ಪಬಹುದು. ಮೊಬೈಲಿನಲ್ಲಿ ಲೈಟ್ ಮೀಟರ್ ಆ್ಯಪ್ ಸಿಗುತ್ತದೆ. ಅದೂ ಬೇಡವೆಂದರೆ ಹಳೇ ಸೂತ್ರವೊಂದಿದೆ: ಚುರುಕು ಬಿಸಿಲಿನಲ್ಲಿ ಅಪರ್ಚರ್ ಎಫ್16, ಶಟರ್ ವೇಗ ರೀಲಿನ ಐಎಸ್‌ಒಗೆ (ಡಬ್ಬಿಯ ಮೇಲಿರುವ, ರೀಲು ಬೆಳಕಿಗೆ ಎಷ್ಟು ಚುರುಕು ಅಂತ ಹೇಳುವ ಅಂಕಿ) ಹತ್ತಿರದ್ದು. ಅಂದರೆ 400ರ ರೀಲಿಗೆ 1/500 ಸೆಕೆಂಡು. ಅನುಮಾನ ಬಂದಾಗ ಒಂದು ಹೆಜ್ಜೆ ಜಾಸ್ತಿ, ಅಂದರೆ ಎರಡರಷ್ಟು ಬೆಳಕನ್ನೇ ಕೊಡಿ. ನೆಗೆಟಿವ್ ರೀಲು ಹೆಚ್ಚಿನ ಬೆಳಕನ್ನು ತಾಳಿಕೊಳ್ಳುತ್ತದೆ, ಕಡಿಮೆಯಾದರೆ ನೆರಳಿನಲ್ಲಿದ್ದದ್ದು ಮೂಡುವುದೇ ಇಲ್ಲ.

ಮೊದಲ ರೀಲನ್ನು ಮದುವೆಗೋ ಪ್ರವಾಸಕ್ಕೋ ಎತ್ತಿಡಬೇಡಿ. ಅದು ಕ್ಯಾಮೆರಾದ ಪರಿಚಯಕ್ಕೆ. ರೀಲು ಹಾಕಿ, ಅದನ್ನು ಮುಂದಕ್ಕೆ ಸರಿಸುವ ಲಿವರ್ ಎಳೆಯುವಾಗ ಎಡಗಡೆಯ ಗುಬುಟು ತಾನಾಗಿ ತಿರುಗುತ್ತಿದೆಯಾ ನೋಡಿ. ತಿರುಗದಿದ್ದರೆ ರೀಲು ಸಿಕ್ಕಿಕೊಂಡಿಲ್ಲ, ಎಷ್ಟು ಕ್ಲಿಕ್ಕಿಸಿದರೂ ಖಾಲಿಯೇ. ಪ್ರತಿ ಫೋಟೋಗೂ ಅಪರ್ಚರ್, ಶಟರ್ ಎಷ್ಟಿತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ರೀಲು ತೊಳೆಸಿದ ಮೇಲೆ ಆ ಬರಹವನ್ನು ಪಕ್ಕದಲ್ಲಿಟ್ಟುಕೊಂಡು ನೆಗೆಟಿವ್ ನೋಡಿ. ಅಂಚಿನಿಂದ ಹರಿದು ಬಂದ ಪಟ್ಟೆಯಿದ್ದರೆ ಬೆಳಕು ಸೋರುತ್ತಿದೆ. ಚೌಕಟ್ಟುಗಳು ಒಂದರ ಮೇಲೊಂದು ಹತ್ತಿದ್ದರೆ ಲಿವರಿನ ತೊಂದರೆ. ಯಾವುದೋ ಒಂದು ವೇಗದಲ್ಲಿ ತೆಗೆದವೆಲ್ಲ ತೆಳ್ಳಗೆ, ಅಂದರೆ ಬೆಳಕು ಸಾಲದೆ ಮಸುಕಾಗಿ ಬಂದಿದ್ದರೆ ಆ ವೇಗವನ್ನು ನಂಬಬೇಡಿ, ಉಳಿದವುಗಳಲ್ಲೇ ತೆಗೆಯಿರಿ.

ತೊಳೆಯಲು ಕೊಡುವಾಗಲೇ ನೆಗೆಟಿವ್ ವಾಪಸ್ ಬೇಕು ಅಂತ ಹೇಳಿಬಿಡಿ. ಸ್ಕ್ಯಾನ್ ಮಾತ್ರ ಕಳಿಸಿ ಸುಮ್ಮನಾಗುವ ಕಡೆಗಳೂ ಇವೆ. ಸ್ಕ್ಯಾನ್ ಮಾಡುವವರು ಬೆಳಕನ್ನು ತಾವೇ ಹೆಚ್ಚುಕಮ್ಮಿ ಮಾಡಿರುತ್ತಾರೆ. ಕ್ಯಾಮೆರಾದ ನಿಜವಾದ ಸ್ಥಿತಿ ಗೊತ್ತಾಗುವುದು ನೆಗೆಟಿವ್ ನೋಡಿದಾಗಲೇ.